ಪರನಾಮಧಾರಣೆಯೂ ಸಾಹಿತ್ಯದ ತೀರ್ಪೂ

ಪರನಾಮಧಾರಿಯನ್ನು ಸಾಹಿತ್ಯವು ಯಾವ ತಕ್ಕಡಿಯಲ್ಲಿ ತೂಗುತ್ತದೆ ಎಂಬುದು ವಿಚಾರಾರ್ಹವಾದ ವಿಷಯ. ಸತ್ತವನ ಹಾಸಿಗೆಯಲ್ಲಿ ಮಲಗಿ, ಅವನ ದನಿಯಲ್ಲಿ ಸುಳ್ಳು ಮರಣಶಾಸನವನ್ನು ಬರೆಯಿಸಿದ ಫ್ಲಾರೆನ್ಸಿನ ಜಾನ್ನಿ ಸ್ಕಿಕ್ಕಿಯನ್ನು ದಾಂತೆ ಕವಿಯು ನರಕಕಾಂಡದ 30ನೆಯ ಸರ್ಗದಲ್ಲಿ ಹುಚ್ಚೆದ್ದ ಪ್ರೇತವನ್ನಾಗಿ ಚಿತ್ರಿಸಿದನು. 1918ರ ಪುಚ್ಚೀನಿಯ ಗೀತನಾಟಕವಾದರೋ ಅವನನ್ನು ನಗೆಯಿಂದ ಕ್ಷಮಿಸಿತು. ಅಲ್ಲಿ ಅವನು ದುರಾಸೆಯ ಬಂಧುಗಳನ್ನು ವಂಚಿಸಿ ಮಗಳ ಮದುವೆಗೆ ದಾರಿಮಾಡುತ್ತಾನೆ. ಅಪರಾಧ ಒಂದೇ, ಬೇರೆಯಾದುದು ಅದರ ಫಲವನ್ನು ಉಂಡವರು.

ಈ ಮಾತಿಗೆ ಕನ್ನಡನಾಡಿನ ನಿದರ್ಶನ ಇನ್ನೂ ಗಾಢವಾದುದು. ಇಂಗ್ಲಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡರು. 1837ರಲ್ಲಿ ಸುಳ್ಯದ ಕಡೆಯ ರೈತರು ದಂಗೆಯೆದ್ದಾಗ ಪುಟ್ಟಬಸಪ್ಪನೆಂಬವನು, ಕೊಡಗಿನ ಅರಸುಮನೆತನದವನೆನಿಸಿದ ಕಲ್ಯಾಣಸ್ವಾಮಿಯ ಹೆಸರನ್ನು ಹೊತ್ತು ಮುಂದೆ ನಿಂತನು. ದಂಗೆ ಮಂಗಳೂರನ್ನು ಮುಟ್ಟಿ ಮುರಿಯಿತು, ಅವನು ನೇಣುಗಂಬವನ್ನೇರಿದನು.

ನಿರಂಜನರು ಈ ಕಥೆಯನ್ನು ಕಾದಂಬರಿಯಾಗಿಸಿ ಅದಕ್ಕೆ ‘ಕಲ್ಯಾಣಸ್ವಾಮಿ’ ಎಂದೇ ಹೆಸರಿಟ್ಟರು. ಎರವಲು ತಂದ ಹೆಸರು ಪ್ರಾಣದ ಬೆಲೆಯಿಂದ ಸ್ವಂತದ್ದಾಯಿತೆಂಬ ತೀರ್ಪು ಆ ಹೆಸರಿನಲ್ಲಿಯೇ ಅಡಗಿದೆ. ಸ್ಕಿಕ್ಕಿ ಪರರ ಹೆಸರಿನಿಂದ ಪಡೆದನು; ಪುಟ್ಟಬಸಪ್ಪನು ಪರರ ಹೆಸರಿಗಾಗಿ ತೆತ್ತನು. ಆದರೂ ವೇಷವನ್ನು ನಿಜವೆಂದು ನಂಬಿ ಹೊರಟವರ ಋಣ ಈ ಗೌರವದಿಂದ ತೀರುವುದಿಲ್ಲ. ವಿಮರ್ಶೆ ಅದನ್ನು ಮರೆಯಬಾರದು.