ಮುದ್ದೆ ತಿನ್ನಿ ಎಂದರೆ ಮುಗಿಯಿತೇ?

ಶುಗರ್ ಬಂದಿದೆ ಎಂದು ಗೊತ್ತಾದ ದಿನ ಯಲಹಂಕದ ಕ್ಲಿನಿಕ್ಕಿರಲಿ, ಆರ್.ಟಿ. ನಗರದ ನೆಂಟರ ಮನೆಯಿರಲಿ, ಮೊದಲು ಸಿಗುವ ಸಲಹೆ ಒಂದೇ: ಅನ್ನ ಬಿಡಿ, ಮುದ್ದೆ ತಿನ್ನಿ, ವಾಕಿಂಗ್ ಹೋಗಿ. ಮಾತಿನಲ್ಲಿ ಹುರುಳಿದೆ. ಆದರೆ ಎಷ್ಟು, ಯಾವುದರ ಜೊತೆ, ಯಾರಿಗೆ ಎಂಬುದನ್ನು ಅದು ಹೇಳುವುದಿಲ್ಲ.

ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜಿಪಿಯು-28ರಂಥ ರಾಗಿ ತಳಿಗಳು ಹುಟ್ಟಿವೆ. ಈ ಸೀಮೆಗೆ ರಾಗಿಯ ಹಿರಿಮೆ ಹೊಸದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅದೇ ಪಟ್ಟಿಯಲ್ಲಿ ಶರ್ಕರಪಿಷ್ಟ ನೋಡಿ: ರಾಗಿಯಲ್ಲಿ ಸುಮಾರು 67 ಗ್ರಾಂ, ಅಕ್ಕಿಯಲ್ಲಿ 78. ಅಂತರ ಜನ ನಂಬಿರುವಷ್ಟು ದೊಡ್ಡದಲ್ಲ. ನುಣ್ಣಗೆ ಬೀಸಿ ಜರಡಿ ಹಿಡಿದ ಹಿಟ್ಟಿನಲ್ಲಿ ನಾರು ಇನ್ನೂ ಕಮ್ಮಿ. ಎರಡು ದೊಡ್ಡ ಮುದ್ದೆಗೆ ತೆಳು ಸಾರು ಸುರಿದುಕೊಂಡವರ ಶುಗರ್ ಇಳಿಯದಿದ್ದರೆ ಆಶ್ಚರ್ಯವಿಲ್ಲ. ಒಂದೇ ಸಣ್ಣ ಮುದ್ದೆ, ತಟ್ಟೆಯ ಅರ್ಧದಷ್ಟು ಬಸ್ಸಾರಿನ ಸೊಪ್ಪು, ಒಂದಷ್ಟು ಕಾಳು: ಹೇಳಬೇಕಾದದ್ದು ಇದು.

ವಾಕಿಂಗ್ ಮಾತಂತೂ ಕೂತು ಕೆಲಸ ಮಾಡುವವರನ್ನು ನೋಡಿಕೊಂಡು ಹುಟ್ಟಿದ್ದು. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಬೆಳಗಿನಿಂದ ಈರುಳ್ಳಿ ಮೂಟೆ ಹೊರುವ ಹಮಾಲಿಗೆ ಅದನ್ನು ಹೇಳಿ ಏನು ಫಲ? ಅವರು ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ ತಿಂಡಿ ಬಿಟ್ಟರೆ ಶುಗರ್ ಕುಸಿದು ಕೈ ನಡುಗಬಹುದು, ಮೈ ಬೆವರಬಹುದು. ಹೊತ್ತಿಗೆ ಸರಿಯಾಗಿ ತಿನ್ನಬೇಕು, ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಇರಬೇಕು ಎಂಬುದು ಅವರಿಗೆ ಬೇಕಾದ ಮೊದಲ ಪಾಠ.

2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ ಮೂವತ್ತು ದಾಟಿದವರ ಮನೆಬಾಗಿಲಿಗೇ ಹೋಗಿ ಶುಗರ್, ಬಿಪಿ ನೋಡುತ್ತದೆ. ನಿಜಕ್ಕೂ ಒಳ್ಳೆಯ ಹೆಜ್ಜೆ. ಕಾಯಿಲೆ ಪತ್ತೆಯಾದ ಮೇಲಿನ ತಿಂಗಳುಗಳಲ್ಲೂ ಅಷ್ಟೇ ಆಸ್ಥೆ ಬೇಕು. ಬ್ರಿಟನ್ನಿನ ಡೆಸ್ಮಂಡ್ ಅಧ್ಯಯನದಲ್ಲಿ ಹೊಸದಾಗಿ ಮಧುಮೇಹ ಕಂಡ 824 ಮಂದಿ ಇದ್ದರು. ಅವರಲ್ಲಿ ಒಂದು ಗುಂಪಿಗೆ ಕಾಯಿಲೆ ನಿಭಾಯಿಸುವ ಬಗ್ಗೆ ಆರು ಗಂಟೆಯ ಪಾಠ ಸಿಕ್ಕಿತು. 2008ರ ವರದಿಯಂತೆ ವರ್ಷದ ಕೊನೆಗೆ ಪಾಠ ಕೇಳಿದವರ ತೂಕ ಹೆಚ್ಚು ಇಳಿದಿತ್ತು, ಆದರೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂರು ವರ್ಷದ ಹೊತ್ತಿಗೆ ತೂಕದ ಲಾಭವೂ ಉಳಿದಿರಲಿಲ್ಲ. ಅಂಥ ವ್ಯವಸ್ಥಿತ ಪಾಠವೇ ಒಂದು ಸಲಕ್ಕೆ ಸಾಲದಿದ್ದರೆ, ಚೀಟಿಯ ಹಿಂದೆ ಗೀಚಿದ ಪಥ್ಯ ಎಷ್ಟು ದಿನ ಬಂದೀತು?

ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಮೂರು ತಿಂಗಳಿಗೊಮ್ಮೆ ಮತ್ತೆ ಬರಲಿ. ರೋಗಿಯ ಜೊತೆಗೆ ಒಲೆ ಮುಂದೆ ನಿಲ್ಲುವವರನ್ನೂ ಕೂರಿಸಿಕೊಂಡು, ಮುದ್ದೆ ಎಷ್ಟು ದಪ್ಪ, ಸಾರಿಗೆ ಸೊಪ್ಪು ಬಿತ್ತೇ ಎಂದು ಕೇಳಲಿ. ಆ ಕೆಲಸಕ್ಕೆ ಆಕೆಗೆ ತರಬೇತಿ, ತಕ್ಕ ಸಂಭಾವನೆ ಎರಡನ್ನೂ ಸರ್ಕಾರ ಕೊಡಬೇಕು.