ಪಾತ್ರಧಾರಣೆಯ ಆಟ: ಒಂದು ಲಕ್ಷಣವಿಚಾರ

ವಿಡಿಯೋ ಗೇಮುಗಳಲ್ಲಿ ಯಾವುದನ್ನು ‘ರೋಲ್ ಪ್ಲೇಯಿಂಗ್ ಗೇಮ್’, ಎಂದರೆ ಪಾತ್ರಧಾರಣೆಯ ಆಟ, ಎಂದು ಕರೆಯಬೇಕೆಂಬ ವಿಷಯದಲ್ಲಿ ಆಟಗಾರರಲ್ಲಿಯೂ ವಿಮರ್ಶಕರಲ್ಲಿಯೂ ಒಮ್ಮತವಿಲ್ಲ. ಇದನ್ನು ಬರಿಯ ಹೆಸರಿನ ಜಗಳವೆಂದು ಉಪೇಕ್ಷಿಸುವಂತಿಲ್ಲ. ಒಂದು ಪ್ರಕಾರದ ಚರಿತ್ರೆಯಲ್ಲಿ ಯಾವುದಕ್ಕೆ ಸ್ಥಾನವುಂಟು, ಯಾವುದಕ್ಕೆ ಇಲ್ಲವೆಂಬುದನ್ನು ನಾವು ಕೊಡುವ ಲಕ್ಷಣವೇ ನಿರ್ಣಯಿಸುತ್ತದೆ. ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂದು ತರ್ಕಶಾಸ್ತ್ರವು ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳಿದೆ. ಪ್ರಚಲಿತ ಮತಗಳನ್ನು ಆ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

ಮೊದಲನೆಯದು ಸಂಖ್ಯಾವಾದಿಗಳ ಪಕ್ಷ. ಶಕ್ತಿ, ಅನುಭವ, ಮಟ್ಟ ಇವುಗಳನ್ನು ಅಂಕೆಗಳಲ್ಲಿ ಅಳೆದು ಹೆಚ್ಚಿಸುತ್ತ ಹೋಗುವುದೇ ಈ ಆಟದ ಜೀವಾಳವೆಂದು ಇವರ ವಾದ. ಇದಕ್ಕೆ ಐತಿಹಾಸಿಕ ಆಧಾರವಿಲ್ಲದಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇವರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹುಟ್ಟಿದ್ದು ಯುದ್ಧವನ್ನು ಅನುಕರಿಸುವ ಮೇಜಿನಾಟಗಳಿಂದ. ದಾಳ, ಅಂಕೆಗಳು ಆ ತವರಿನ ಬಳುವಳಿ. 1981ರ ‘ಅಲ್ಟಿಮಾ’, ‘ವಿಜಾರ್ಡ್ರಿ’ಗಳು ಆ ಲೆಕ್ಕವನ್ನು ಗಣಕಯಂತ್ರಕ್ಕೆ ವಹಿಸಿದವು. ಯಂತ್ರವು ಲೆಕ್ಕವನ್ನು ಸುಲಭವಾಗಿ ಮಾಡಿತು. ಆದರೆ ಆಟ ನಡೆಸುವ ಮನುಷ್ಯನಂತೆ ಅನಿರೀಕ್ಷಿತ ಮಾತಿಗೆ ಮರುಮಾತು ಕೊಡಲಾರದೆ ಹೋಯಿತು. ಹೀಗೆ ಯಂತ್ರಕ್ಕೆ ದಕ್ಕಿದ ಭಾಗವನ್ನೇ ಇವರು ಸಾರವೆಂದು ಬಗೆದಿದ್ದಾರೆ. 2007ರ ‘ಕಾಲ್ ಆಫ್ ಡ್ಯೂಟಿ 4’ ಗುಂಡು ಹಾರಿಸುವ ಆಟ. ಹಲವರು ಕೂಡಿ ಆಡುವಾಗ ಅಲ್ಲಿಯೂ ಅನುಭವಾಂಕ, ಮಟ್ಟಗಳುಂಟು. ಆದುದರಿಂದ ಈ ಲಕ್ಷಣ ಅತಿವ್ಯಾಪ್ತ.

ಕಥೆಯನ್ನು ಬದಲಿಸುವ ಸ್ವಾತಂತ್ರ್ಯವೇ ಲಕ್ಷಣವೆಂಬುದು ಎರಡನೆಯ ಪಕ್ಷ. ಇದು ಅವ್ಯಾಪ್ತಿಗೆ ಗುರಿಯಾಗುತ್ತದೆ. 1987ರ ‘ಫೈನಲ್ ಫ್ಯಾಂಟಸಿ’ಯ ಕಥಾಮಾರ್ಗ ನಿಶ್ಚಿತ. ಅಂಥವನ್ನು ಕೈಬಿಟ್ಟರೆ ಈ ಪ್ರಕಾರದ ಚರಿತ್ರೆಯ ದೊಡ್ಡ ಭಾಗವೇ ಹೊರಗುಳಿದೀತು.

ಕಥೆ ನಿಶ್ಚಿತವಾದಲ್ಲಿ ಪಾತ್ರಧಾರಣೆಗೆ ಎಡೆಯಿಲ್ಲವೆ? ನಮ್ಮ ರಂಗಸಂಪ್ರದಾಯ ಇದಕ್ಕೆ ಉತ್ತರ ಕೊಡುತ್ತದೆ. ಈ ಉತ್ತರ ಸೀಮೆಯ ದೊಡ್ಡಾಟದಲ್ಲಿ ವೇಷಧಾರಿ ತಾಲೀಮಿನಲ್ಲಿ ಕಲಿತ ಮಾತನ್ನು ಒಪ್ಪಿಸುತ್ತಾನೆ. ಕಿರೀಟ, ಭುಜಕೀರ್ತಿಗಳಿದ್ದರೂ ಅವನು ನಟ. ಕರಾವಳಿ, ಕಾಸರಗೋಡುಗಳ ತಾಳಮದ್ದಳೆಯಲ್ಲಾದರೋ ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗದ ಅಂತ್ಯ ಎಲ್ಲರಿಗೂ ಗೊತ್ತು. ಆದರೂ ಅರ್ಥಧಾರಿ ಎದುರಾಳಿಯ ಪ್ರಶ್ನೆಗೆ ಪಾತ್ರದ ಒಳಗೆ ನಿಂತು ಆಗಿಂದಾಗಲೇ ಉತ್ತರ ಕಟ್ಟಬೇಕು. ವಾಲಿಗೆ ಮರಣ ತಪ್ಪದು. ರಾಮನನ್ನು ಅವನು ಯಾವ ನ್ಯಾಯದಿಂದ ಕೇಳುವನೆಂಬುದು ಮಾತ್ರ ಅರ್ಥಧಾರಿಯ ವಶ.

ಇದರಿಂದ ನಮ್ಮ ಅಭಿಮತ ಸ್ಪಷ್ಟವಾಗುತ್ತದೆ. ಪಾತ್ರ ಎಂಥದೆಂಬುದನ್ನು ನಿರ್ಣಯಿಸುವ ಆಯ್ಕೆ ಆಟಗಾರನದಾಗಿರಬೇಕು. ಆ ಆಯ್ಕೆಗೆ ಆಟ ಓಗೊಡಬೇಕು. ‘ಫೈನಲ್ ಫ್ಯಾಂಟಸಿ’ಯಲ್ಲಿ ನಾಲ್ವರು ವೀರರು ಖಡ್ಗಧಾರಿಗಳೋ ಮಾಂತ್ರಿಕರೋ ಎಂಬುದನ್ನು ಆಟಗಾರನೇ ಆರಿಸುತ್ತಾನೆ, ಆದುದರಿಂದ ಅದು ಒಳಗೆ. 1986ರ ‘ದಿ ಲೆಜೆಂಡ್ ಆಫ್ ಜೆಲ್ಡಾ’ದಲ್ಲಿ ನಾಯಕನ ಬಲ ಹೆಚ್ಚುತ್ತದೆಯೇ ಹೊರತು ಅವನು ಎಂಥವನೆಂಬುದು ಆಟಗಾರನ ಆಯ್ಕೆಯಲ್ಲ, ಆದುದರಿಂದ ಅದು ಹೊರಗೆ. 2019ರ ‘ಡಿಸ್ಕೊ ಎಲಿಸಿಯಮ್’ ಆಟದಲ್ಲಿ ಪ್ರತ್ಯೇಕ ಯುದ್ಧವ್ಯವಸ್ಥೆಯೇ ಇಲ್ಲ. ನಾಯಕನ 24 ಸಾಮರ್ಥ್ಯಗಳು ಅವನ ಮನಸ್ಸಿನೊಳಗೆ ಮಾತಾಡುತ್ತವೆ. ಅಲ್ಲಿ ಅಂಕೆಗೂ ಸ್ವಭಾವವೇ ಅರ್ಥ.

ಕನ್ನಡದಲ್ಲಿ ಇಂಥ ಆಟಗಳನ್ನು ರಚಿಸಹೊರಡುವವರಿಗೂ ಈ ವಿವೇಚನೆ ಅಗತ್ಯ. ಅಂಕೆಯೇ ಸಾರವೆಂದು ನಂಬಿದರೆ ಪರದೇಶದ ಲೆಕ್ಕಕ್ಕೆ ಪುರಾಣದ ಹೆಸರುಗಳನ್ನು ಅಂಟಿಸಿದಂತಾದೀತು. ಅರ್ಥಧಾರಿಯ ಸ್ವಾತಂತ್ರ್ಯವನ್ನು ಮಾದರಿಯಾಗಿ ಹಿಡಿದರೆ, ಕಥೆಯ ಅಂತ್ಯವನ್ನು ಕದಲಿಸದೆಯೂ ಆಟಗಾರನಿಗೆ ಮಾತಿನ ಹಕ್ಕನ್ನು ಕೊಡಬಹುದು.