ಮುತ್ತಿನ ಓಲೆ ಕಲಿಸುವ ಪಾಠ

ತೈಲವರ್ಣದಲ್ಲಿ ಮುಖ ಚಿತ್ರಿಸಲು ಕಲಿಯುವವರಿಗೆ ಡಚ್ ಕಲಾವಿದ ಯೊಹಾನೆಸ್ ವರ್ಮೀರ್ 1665ರ ಸುಮಾರಿಗೆ ರಚಿಸಿದ ‘ಮುತ್ತಿನ ಓಲೆಯ ಹುಡುಗಿ’ಗಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ ಈ ಚಿತ್ರ ಅರ್ಧ ಮೀಟರ್ ಎತ್ತರವೂ ಇಲ್ಲ.

ನಕಲು ಮಾಡಲು ಕೂತಾಗಲೇ ಅದರ ಜಾಣ್ಮೆ ತಿಳಿಯುವುದು. ಮೂಗಿನ ಆಚೆ ಅಂಚಿಗೆ ಗೆರೆಯೇ ಇಲ್ಲ. ಅದು ಕೆನ್ನೆಯ ಬಣ್ಣದಲ್ಲಿ ಬೆರೆತುಹೋಗಿದೆ. ಮುತ್ತಿಗೆ ಕೊಂಡಿಯಿಲ್ಲ, ಸುತ್ತುಗೆರೆಯಿಲ್ಲ. ಮೇಲೊಂದು ದಪ್ಪ ಬಿಳಿ ಸ್ಪರ್ಶ, ಕೆಳಗೆ ಬಿಳಿ ಕೊರಳಪಟ್ಟಿಯ ಮಂದ ಪ್ರತಿಫಲನ, ಅಷ್ಟೇ. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ತುಟಿಯ ಅಂಚಿನ ಪುಟ್ಟ ಬೆಳಕಿನ ಚುಕ್ಕೆ ಬಾಯಿಗೆ ಹಸಿತನ ಕೊಡುತ್ತದೆ.

ಎಲ್ಲಿ ಬರೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಪುಸ್ತಕಕ್ಕಿಂತ ಚೆನ್ನಾಗಿ ನಕಲು ಕಲಿಸುತ್ತದೆ. ಕಲಿಯುವವರೇ, ಸಂಕೋಚ ಬೇಡ. ನಕಲು ಮಾಡಿ, ಮೂಲ ಕಲಾವಿದನ ಹೆಸರನ್ನು ಹಿಂಬದಿಯಲ್ಲಿ ತಪ್ಪದೆ ಬರೆಯಿರಿ.